ಪೂಲ್ ಆಟದ ಬ್ರೇಕ್ ಸುಧಾರಿಸಲು ಯಾವ ಲೆಕ್ಕ ಬರೆದಿಡಬೇಕು?

ಪ್ರಶ್ನೆ (ದಾವಣಗೆರೆ, ವಿದ್ಯಾನಗರ)

ನಾನು ಪೂಲ್ ಆಟದ ಒಂದು ಬಗೆಯಾದ ಏಯ್ಟ್-ಬಾಲ್ ಆಡುತ್ತೇನೆ. ಪ್ರತಿ ಭಾನುವಾರ ಬೆಳಿಗ್ಗೆ ಪಾರ್ಲರ್ ಖಾಲಿ ಇರುವಾಗ 20 ಬ್ರೇಕ್ (ತ್ರಿಕೋನವಾಗಿ ಜೋಡಿಸಿದ ಚೆಂಡುಗಳನ್ನು ಒಡೆಯುವ ಮೊದಲ ಹೊಡೆತ) ಹೊಡೆದು, ಎಷ್ಟು ಸಲ ಕನಿಷ್ಠ ಒಂದು ಚೆಂಡಾದರೂ ಪಾಕೆಟ್‌ಗೆ ಬಿತ್ತೆಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ನಾಲ್ಕು ವಾರಗಳ ಲೆಕ್ಕ ಹೀಗಿದೆ: 8, 12, 7, 11. ಹನ್ನೆರಡು ಬಂದ ವಾರ, ಹೊಡೆಯುವಾಗ ನಾನು ನಿಲ್ಲುವ ನಿಲುವು ಕೈಹಿಡಿಯಿತೆಂದು ಹಿಗ್ಗಿದೆ. ಏಳು ಬಂದ ವಾರ ಅದೇ ನಿಲುವನ್ನು ಬದಲಿಸಿದೆ. ನಾನು ಸುಧಾರಿಸುತ್ತಿದ್ದೇನೆಯೇ ಎಂಬುದು ಈ ಅಂಕಿಗಳಿಂದ ತಿಳಿಯುತ್ತಿಲ್ಲ. ಬೇರೆ ಏನನ್ನು ಬರೆದಿಡಬೇಕು?

ಉತ್ತರ 1 (ಚಿತ್ರದುರ್ಗ)

ಬರೆದಿಡುವ ಅಭ್ಯಾಸ ಒಳ್ಳೆಯದು, ಬಿಡಬೇಡಿ. ಆದರೆ 20 ಬ್ರೇಕ್ ಬಹಳ ಕಡಿಮೆ. ಎರಡು ಬ್ರೇಕ್‌ಗೆ ಒಂದರಂತೆ ಚೆಂಡು ಬೀಳಿಸಬಲ್ಲ ಆಟಗಾರನ ಹೊಡೆತದಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗದಿದ್ದರೂ, ನಾಣ್ಯ ಚಿಮ್ಮಿದಂತೆಯೇ, ನಾಲ್ಕು ವಾರಗಳಲ್ಲಿ ಸುಮಾರು ಮೂರು ವಾರ ಅವನ ಲೆಕ್ಕ 8ರಿಂದ 12ರ ನಡುವೆ ಓಲಾಡುತ್ತದೆ, ಒಂದು ವಾರ ಅದರಾಚೆಗೂ ಹೋಗುತ್ತದೆ. ನಿಮ್ಮ ನಾಲ್ಕು ಅಂಕಿಗಳೂ ಹಾಗೆಯೇ ಇವೆ. ಏಳು ಬಂದಿತೆಂದು ನಿಲುವು ಬದಲಿಸಿದ್ದು ಆತುರವಾಯಿತು.

ಚೆಂಡು ಬೀಳುವುದರಲ್ಲಿ ಅದೃಷ್ಟದ ಪಾಲು ದೊಡ್ಡದು. ಬಿಳಿ ಚೆಂಡು ಎಲ್ಲಿ ನಿಂತಿತೆಂಬುದರಲ್ಲಿ ನಿಮ್ಮ ಕೈಯ ಪಾಲು ದೊಡ್ಡದು. ಪುಟದಲ್ಲಿ ಟೇಬಲ್ಲಿನ ಚಿತ್ರ ಬರೆದು, ಪ್ರತಿ ಬ್ರೇಕ್‌ನ ನಂತರ ಬಿಳಿ ಚೆಂಡು ನಿಂತ ಜಾಗದಲ್ಲಿ ಒಂದು ಚುಕ್ಕಿ ಇಡಿ. ಜೋಡಿಸಿಟ್ಟ ಚೆಂಡುಗಳ ತ್ರಿಕೋನದ, ಅಂದರೆ ರ್‍ಯಾಕ್‌ನ, ತುದಿಯಲ್ಲಿರುವ ಮುಂದಿನ ಚೆಂಡಿಗೆ ನಟ್ಟನಡುವೆ ಬಡಿದಿದ್ದರೆ ಬಿಳಿ ಚೆಂಡು ತನ್ನ ಬಲವನ್ನೆಲ್ಲ ರ್‍ಯಾಕ್‌ಗೆ ಕೊಟ್ಟು, ಸ್ವಲ್ಪ ಹಿಂದಕ್ಕೆ ಚಿಮ್ಮಿ ಟೇಬಲ್ಲಿನ ಮಧ್ಯಭಾಗದಲ್ಲಿ ನಿಲ್ಲುತ್ತದೆ. ಬಲಬದಿಗೆ ಬಡಿದಿದ್ದರೆ ಬಲಗಡೆಯ ಅಂಚಿನ ಕುಶನ್ನಿನ ಕಡೆಗೆ ಓಡುತ್ತದೆ, ಆ ಓಟದಲ್ಲಿ ಹೋದ ಬಲ ರ್‍ಯಾಕ್‌ಗೆ ಸಿಗುವುದಿಲ್ಲ. ಹತ್ತರಲ್ಲಿ ಎಂಟು ಚುಕ್ಕಿಗಳು ನಡುವೆ ಬೀಳುವವರೆಗೆ ಪೂರ್ಣ ಬಲದಿಂದ ಹೊಡೆಯುವುದೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ 2 (ದಾವಣಗೆರೆ, ಪಿ.ಜೆ. ಬಡಾವಣೆ)

ಚುಕ್ಕಿಯ ವಿಧಾನವನ್ನು ಒಪ್ಪುತ್ತೇನೆ. ಆದರೆ ಅದಕ್ಕಿಂತ ಮೊದಲು ರ್‍ಯಾಕ್ ನೋಡಬೇಕು. ಹಳೆಯ ಬಟ್ಟೆಯ ಮೇಲೆ ಮುಂದಿನ ಚೆಂಡು ಕೂರುವ ಜಾಗ ತಗ್ಗಾಗಿರುತ್ತದೆ, ಚೆಂಡು ಜೋಡಿಸುವ ಚೌಕಟ್ಟಾದ ಟ್ರಯಾಂಗಲ್ ತೆಗೆಯುವಾಗ ಚೆಂಡುಗಳು ಕೂದಲೆಳೆಯಷ್ಟು ಸರಿಯುತ್ತವೆ, ಮತ್ತು ಮುಂದಿನ ಚೆಂಡಿಗೂ ಅದರ ಹಿಂದಿನ ಎರಡಕ್ಕೂ ನಡುವೆ ಸಂದು ಬಿಟ್ಟಿದ್ದರೆ ಎಷ್ಟೇ ಚೆನ್ನಾಗಿ ಹೊಡೆದರೂ ಗುಂಪು ಸರಿಯಾಗಿ ಒಡೆಯುವುದಿಲ್ಲ. ಆದ್ದರಿಂದ ‘ಸಂದು ಇತ್ತು’, ‘ಇರಲಿಲ್ಲ’ ಎಂಬ ಒಂದು ಕಾಲಂ ಇರಲಿ. ದಿನಾಂಕವನ್ನೂ ಬರೆಯಿರಿ, ಮಳೆಗಾಲದಲ್ಲಿ ಬಟ್ಟೆ ತೇವ ಹೀರಿ ನಿಧಾನವಾಗುತ್ತದೆ, ಏಪ್ರಿಲ್‌ನ ಒಣಹವೆಯ ಲೆಕ್ಕವನ್ನು ಜುಲೈ ತಿಂಗಳಿನದರ ಪಕ್ಕದಲ್ಲಿಟ್ಟು ತೂಗಬಾರದು.

ವೇಗವನ್ನು ಫೋನಿನಲ್ಲಿಯೇ ಅಳೆಯಬಹುದು. ಒಂಬತ್ತು ಅಡಿಯ ಟೇಬಲ್ಲಿನಲ್ಲಿ ಬಿಳಿ ಚೆಂಡಿಟ್ಟು ಹೊಡೆಯುವ ಗೆರೆಯಾದ ಹೆಡ್ ಸ್ಟ್ರಿಂಗ್‌ನಿಂದ ಮುಂದಿನ ಚೆಂಡು ಕೂರುವ ಗುರುತಾದ ಫೂಟ್ ಸ್ಪಾಟ್‌ಗೆ 50 ಇಂಚು, ಅಂದರೆ 127 ಸೆಂಟಿಮೀಟರ್. ಚೆಂಡಿನ ವ್ಯಾಸ 5.7 ಸೆಂಟಿಮೀಟರ್ ಕಳೆದರೆ ಬಿಳಿ ಚೆಂಡು ಓಡುವ ದೂರ ಸುಮಾರು 121. ಧ್ವನಿಮುದ್ರಣದಲ್ಲಿ ಕ್ಯೂ (ಹೊಡೆಯುವ ಕೋಲು) ತಗಲಿದ ಸದ್ದಿಗೂ ರ್‍ಯಾಕ್ ಒಡೆದ ಸದ್ದಿಗೂ ನಡುವಿನ ಅಂತರ 0.15 ಸೆಕೆಂಡ್ ಬಂದರೆ ವೇಗ ಸೆಕೆಂಡಿಗೆ 8 ಮೀಟರ್, ಗಂಟೆಗೆ ಸುಮಾರು 29 ಕಿಲೋಮೀಟರ್. ಸೆಕೆಂಡಿಗೆ 60 ಫ್ರೇಮಿನ ವಿಡಿಯೊದಲ್ಲಿ ಇದು ಬರೀ ಒಂಬತ್ತು ಫ್ರೇಮ್ ಆಗುವುದರಿಂದ, ಒಂದು ಫ್ರೇಮ್ ತಪ್ಪಿದರೂ ಶೇಕಡಾ ಹನ್ನೊಂದರಷ್ಟು ವ್ಯತ್ಯಾಸ ಬರುತ್ತದೆ, ಸದ್ದನ್ನೇ ನಂಬಿ. ವೇಗ ಏರಿ ಚುಕ್ಕಿಗಳು ಚದುರಿದರೆ ಅದನ್ನು ಲಾಭವೆಂದು ಎಣಿಸಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಈ ಭಾನುವಾರ 30 ಬ್ರೇಕ್ ಹೊಡೆದೆ. ಹನ್ನೊಂದರಲ್ಲಿ ಸಂದು ಇತ್ತು. ಇಷ್ಟು ದಿನ ನಾನು ಅದನ್ನು ಬಗ್ಗಿ ನೋಡಿಯೇ ಇರಲಿಲ್ಲ. ಉಳಿದ ಹತ್ತೊಂಬತ್ತರಲ್ಲಿ ಹದಿಮೂರು ಚುಕ್ಕಿಗಳು ಬಲಗಡೆಯೇ ಬಿದ್ದಿವೆ. ಇನ್ನು 100 ಬ್ರೇಕ್ ಮುಗಿಯುವವರೆಗೆ ನಿಲುವನ್ನು ಮುಟ್ಟದೆ, ಬಲವನ್ನು ಮಾತ್ರ ತಗ್ಗಿಸಿ, ಅದೇ ಟೇಬಲ್ಲಿನಲ್ಲಿ ಹೊಡೆದು ಪುಟವನ್ನು ಇಲ್ಲಿ ಹಾಕುತ್ತೇನೆ.