ಅಜ್ಜನ ಕಾಂಟೆಸ್ಸಾ ಮತ್ತು ದೊಡ್ಡಪ್ಪ ಕಳಿಸಿದ ಫಾರ್ವರ್ಡ್

ಹೋದ ಭಾನುವಾರ ನಮ್ಮ ‘ಮನೆ ಮಂದಿ’ ಗುಂಪಿನಲ್ಲಿ ನಡೆದ ಮಾತು ಇದು. ಹೆಸರು ತೆಗೆದು ಸಂಬಂಧ ಮಾತ್ರ ಇಟ್ಟಿದ್ದೇನೆ. ಕಾರು ಹಿಂದೂಸ್ತಾನ್ ಮೋಟಾರ್ಸ್‌ನ 1994ರ ಕಾಂಟೆಸ್ಸಾ, ಪೆಟ್ರೋಲ್, ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಎಂಜಿನ್. ತೀರ್ಥಹಳ್ಳಿ ಮನೆಯ ಶೆಡ್‌ನಲ್ಲಿ ಎರಡು ವರ್ಷದಿಂದ ಅದನ್ನು ಬಿಚ್ಚಿ ಕಟ್ಟುತ್ತಿರುವವನು ನಾನು.

ದೊಡ್ಡಪ್ಪ: (ಫಾರ್ವರ್ಡ್) 🚨 ಎಚ್ಚರ! 15 ವರ್ಷ ದಾಟಿದ ಎಲ್ಲಾ ಕಾರುಗಳನ್ನು ಬರುವ ತಿಂಗಳಿಂದ ಪೊಲೀಸರು ಮನೆಗೇ ಬಂದು ಎತ್ತಿಕೊಂಡು ಹೋಗಿ ಗುಜರಿಗೆ ಹಾಕುತ್ತಾರೆ. ಒಂದು ರೂಪಾಯಿ ಕೂಡ ಸಿಗುವುದಿಲ್ಲ. ನಿಮ್ಮವರಿಗೆಲ್ಲ ಕಳಿಸಿ 🙏

ದೊಡ್ಡಪ್ಪ: ಎರಡು ವರ್ಷದ ಹಿಂದೆಯೇ ಹೇಳಿದ್ದೆ. ಯಾರು ಕೇಳುತ್ತಾರೆ.

ಅತ್ತೆ: ಅಯ್ಯೋ ದೇವರೇ. ಪಾಪ, ಅಷ್ಟು ದುಡ್ಡು ಹಾಕಿದ್ದಾನಲ್ಲ.

ಭಾವ: ಮಾವ, ಇದು ಎಲ್ಲಿಂದ ಬಂತು? ಆದೇಶದ ನಂಬರ್ ಇಲ್ಲ, ತಾರೀಖು ಇಲ್ಲ. ‘ಬರುವ ತಿಂಗಳು’ ಅಂದರೆ ಯಾವ ವರ್ಷದ್ದು?

ದೊಡ್ಡಪ್ಪ: ನಮ್ಮ ವಾಕಿಂಗ್ ಗುಂಪಿನಲ್ಲಿ ಬಂತು. ಕಳಿಸಿದವರು ರಿಟೈರ್ಡ್ ಇಂಜಿನಿಯರ್. ಸುಳ್ಳು ಹೇಳುವ ಜನ ಅಲ್ಲ.

ಭಾವ: ಅವರು ಸುಳ್ಳು ಹೇಳಿದರು ಅಂತ ನಾನು ಹೇಳಲಿಲ್ಲ. ಅವರಿಗೆ ಯಾರು ಕಳಿಸಿದರು ಅಂತ ಕೇಳಿದೆ.

ದೊಡ್ಡಪ್ಪ: ನಿನಗೆ ಎಲ್ಲದಕ್ಕೂ ಕಾಗದ ಬೇಕು. ನಮ್ಮ ಕಾಲದಲ್ಲಿ ದೊಡ್ಡವರು ಒಂದು ಮಾತು ಹೇಳಿದರೆ ಸಾಕಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಓಡದ ಕಾರಿಗೆ ಸಂಬಳ ಸುರಿಯುವುದು ಯಾವ ಜಾಣತನ? ಆ ದುಡ್ಡಿನಲ್ಲಿ ಮನೆಯ ಮಾಡು ರಿಪೇರಿ ಆಗುತ್ತಿತ್ತು.

ಮಿಶಿಗನ್ ಅಣ್ಣ: ಆ ಕಾರನ್ನು ಗುಜರಿಗೆ ಹಾಕಬೇಡಿ ಅಪ್ಪಾ! ಹಿಂದಿನ ಸೀಟಿನಲ್ಲಿ ನಾವು ಐದು ಮಕ್ಕಳು, ತೊಡೆ ಮೇಲೆ ಮಂಡಕ್ಕಿ ಡಬ್ಬ, ಆಗುಂಬೆ ಘಾಟಿಯ ಒಂದೊಂದು ತಿರುವಿಗೂ ಎಲ್ಲರೂ ಒಂದೇ ಕಡೆಗೆ ಜಾರಿ ಬಾಗಿಲಿಗೆ ಅಂಟಿಕೊಳ್ಳುತ್ತಿದ್ದೆವು. ಅಜ್ಜ ಕನ್ನಡಿಯಲ್ಲಿ ನೋಡಿ ನಗುತ್ತಿದ್ದರು.

ಚಿಕ್ಕಪ್ಪ: ನಾಲ್ಕನೇ ತಿರುವಿನಲ್ಲಿ ನೀನು ವಾಂತಿ ಮಾಡಿಕೊಂಡೆ. ತೊಳೆದದ್ದು ನಾನು.

ಅತ್ತೆ: ನೀನು ನೀರು ತಂದದ್ದು ಮಾತ್ರ. ತೊಳೆದದ್ದು ನಾನು, ನನ್ನ ಹೊಸ ಸೀರೆ ಹಾಳಾಯಿತು.

ಭಾವ: ವಿಷಯಕ್ಕೆ ಬರೋಣವಾ? 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ *ಸರ್ಕಾರಿ* ವಾಹನಗಳ ನೋಂದಣಿ ನವೀಕರಿಸುವುದು ನಿಂತಿದೆ. ಪೆಟ್ರೋಲ್‌ಗೆ 15, ಡೀಸೆಲ್‌ಗೆ 10 ವರ್ಷ ಅನ್ನುವ ಮಿತಿ ಬಂದದ್ದು ದೆಹಲಿ ಸುತ್ತಮುತ್ತಲಿಗೆ, ಅಲ್ಲಿನ ಗಾಳಿ ಕೆಟ್ಟಿದೆ ಅಂತ. ಇವೆರಡನ್ನೂ ಕಲಸಿ ಯಾರೋ ಈ ಮೆಸೇಜ್ ಮಾಡಿದ್ದಾರೆ. ನಮ್ಮಲ್ಲಿ ಖಾಸಗಿ ಕಾರಿಗೆ 15 ವರ್ಷ ಆದರೆ ಆರ್‌ಟಿಓಗೆ ತೋರಿಸಿ, ಫಿಟ್‌ನೆಸ್ ಪಾಸಾಗಿ, ಹಸಿರು ತೆರಿಗೆ ಕಟ್ಟಿದರೆ ಮತ್ತೆ 5 ವರ್ಷ ಸಿಗುತ್ತದೆ.

ಮಿಶಿಗನ್ ಅಣ್ಣ: ಲೋ ತಮ್ಮಾ, ಹೇಗೂ ಬಿಚ್ಚಿದ್ದೀಯ, ಒಂದು ವಿ8, ಎಂಟು ಸಿಲಿಂಡರಿನ ದೊಡ್ಡ ಎಂಜಿನ್ ಕೂರಿಸಿಬಿಡು. ಇಲ್ಲಿ ನಮ್ಮ ಪಕ್ಕದ ಮನೆಯವರು 1967ರ ಮಸ್ಟಾಂಗ್ ಗ್ಯಾರೇಜಿನಲ್ಲೇ ಮಾಡುತ್ತಿದ್ದಾರೆ. ಅದಕ್ಕೆ ಬೋಲ್ಟಿನಿಂದ ಹಿಡಿದು ಪೂರ್ತಿ ಹೊಸ ಬಾಡಿ ತನಕ ಅಂಗಡಿಯಲ್ಲೇ ಸಿಗುತ್ತದೆ.

ನಾನು: ಅಲ್ಲಿ ಸಿಗುತ್ತದೆ ಅಣ್ಣ. ಇಲ್ಲಿ ಕಾಂಟೆಸ್ಸಾ ತಯಾರಿಕೆಯೇ ನಿಂತಿದ್ದು 2002ರಲ್ಲಿ. ಬಾಗಿಲಿನ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ಹುಡುಕಿ ಹುಡುಕಿ ಸಾಕಾಗಿದೆ, ಒಂದೊಂದು ಬುಷ್ ಕೂಡ ಲೇತ್‌ನಲ್ಲಿ ಮಾಡಿಸಬೇಕು. ವಿ8 ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದಕ್ಕೆ ಬಿಡುವುದಿಲ್ಲ. ಕಂಪನಿ ಕೊಟ್ಟ ವಿವರಕ್ಕಿಂತ ಬೇರೆ ಮಾಡುವ ಹಾಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಮತ್ತೆ ಘಾಟಿ ರಸ್ತೆಯಲ್ಲಿ ಓಡುವುದಕ್ಕಿಂತ ನಿಲ್ಲುವುದು ಮುಖ್ಯ, ಅಲ್ವಾ? ನಾನು ಮೊದಲು ಮಾಡಿದ್ದೇ ಬ್ರೇಕ್. ಮಾಸ್ಟರ್ ಸಿಲಿಂಡರ್ ರಬ್ಬರ್ ಕಿಟ್, ಹೋಸ್‌ಗಳು, ತುಕ್ಕು ತಿಂದ ಪೈಪ್ ಎಲ್ಲ ಹೊಸದು. ಈಗ ಬಂಕಿನಲ್ಲಿ ಹಾಕುವ ಪೆಟ್ರೋಲಿನಲ್ಲಿ 20% ಎಥೆನಾಲ್ ಇರುತ್ತದೆ. ಹಳೆಯ ರಬ್ಬರ್ ಅದಕ್ಕೆ ಉಬ್ಬುತ್ತದೆ, ಬಿರುಕು ಬಿಡುತ್ತದೆ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿಯೇ. ಹಾಗಾಗಿ ಟ್ಯಾಂಕಿನಿಂದ ಕಾರ್ಬುರೇಟರ್ ತನಕ ಪೈಪ್ ಬದಲಾಯಿಸಿದೆ. ಹೆಡ್‌ಲೈಟಿಗೆ ರಿಲೇ ಹಾಕಿದೆ, ಈಗ ಬ್ಯಾಟರಿಯಿಂದ ನೇರವಾಗಿ ಕರೆಂಟ್ ಹೋಗುತ್ತದೆ. ಮೊದಲು ಪೂರ್ತಿ ಕರೆಂಟ್ ಸ್ವಿಚ್ ಮೂಲಕವೇ ಸುತ್ತಿ ಹೋಗಿ ಬಲ್ಬ್ ಮಂಕಾಗಿ ಉರಿಯುತ್ತಿತ್ತು, ಅಜ್ಜ ರಾತ್ರಿ ಓಡಿಸಲು ಹೆದರುತ್ತಿದ್ದದ್ದು ಕಣ್ಣಿನಿಂದ ಮಾತ್ರ ಅಲ್ಲ ಅಂತ ನನಗೆ ಆಗ ಗೊತ್ತಾಯಿತು.

ನಾನು: ದೊಡ್ಡಪ್ಪ, ದುಡ್ಡು ಸುರಿದೆ ಅಂದಿರಿ. ಜಾಸ್ತಿ ಹೋದದ್ದು ದುಡ್ಡಲ್ಲ, ಭಾನುವಾರಗಳು. ಡ್ರೈವರ್ ಸೀಟಿನ ಕೆಳಗಿನ ಮ್ಯಾಟ್ ಎತ್ತಿದಾಗ ಶೆಡ್‌ನ ಮಣ್ಣು ಕಾಣಿಸಿತು. ಅಷ್ಟು ಮಳೆಗಾಲದ ನೀರು ಅಲ್ಲೇ ನಿಂತು ಶೀಟ್ ತಿಂದಿತ್ತು. ಪುಟ್ಟಿ ಮೆತ್ತಿ ಮುಚ್ಚಿದ್ದರೆ ಒಂದು ಮಳೆಗಾಲ ಬರುತ್ತಿತ್ತು, ಅಷ್ಟೇ. ಕೊಳೆತದ್ದನ್ನೆಲ್ಲ ಕತ್ತರಿಸಿ ತೆಗೆದು, ಟ್ಯಾಂಕ್ ಇಳಿಸಿ, ಬ್ಯಾಟರಿ ಬಿಚ್ಚಿಟ್ಟು, ನಮ್ಮ ಟಿಂಕರ್ ಪಕ್ಕದಲ್ಲಿ ನಿಂತು ಹೇಳಿಕೊಟ್ಟ ಹಾಗೆ ಹೊಸ ಶೀಟ್ ವೆಲ್ಡ್ ಮಾಡಿದೆ.

ಅತ್ತೆ: ಕಣ್ಣಿಗೆ ಕನ್ನಡಕ ಹಾಕಿಕೊಂಡಿದ್ದೆ ತಾನೇ?

ದೊಡ್ಡಪ್ಪ: ಅದೆಲ್ಲ ಸರಿ. ಯಾರನ್ನು ಕೇಳಿ ಕೈ ಹಾಕಿದೆ? ಆ ಕಾರಿನ ಕಂತು ಮೂರು ವರ್ಷ ಕಟ್ಟಿದವನು ನಾನು.

ಚಿಕ್ಕಪ್ಪ: ಬಂತು ನೋಡಿ. ಕಂತು ನೀನು ಕಟ್ಟಿದೆ ಅಣ್ಣ, ಅದಕ್ಕೇ 2006ರಲ್ಲಿ ನನ್ನ ಮದುವೆಗೆ ಕೇಳಿದರೆ ಕೀ ಕೊಡಲಿಲ್ಲ. ಹೆಣ್ಣಿನ ಕಡೆಯವರ ಮುಂದೆ ನಾನು ಬಾಡಿಗೆ ಓಮ್ನಿಯಲ್ಲಿ ಹೋಗಿ ಇಳಿದೆ.

ದೊಡ್ಡಪ್ಪ: ಕ್ಲಚ್ ಹೋಗಿತ್ತು ಆಗ!

ಚಿಕ್ಕಪ್ಪ: ಮರುದಿನ ನೀನೇ ಶಿವಮೊಗ್ಗಕ್ಕೆ ತೆಗೆದುಕೊಂಡು ಹೋದೆ.

ಅತ್ತೆ: ಇಬ್ಬರೂ ಸುಮ್ನಿರಿ. ಅಪ್ಪನಿಗೆ ಎದೆ ನೋವು ಬಂದ ರಾತ್ರಿ ನೀವಿಬ್ಬರೂ ಇರಲಿಲ್ಲ. ಆ ಕಾರಿನಲ್ಲಿ ಕರೆದುಕೊಂಡು ಹೋದದ್ದು ಈಗ ಅದನ್ನು ರಿಪೇರಿ ಮಾಡುತ್ತಿರುವ ಇವನೇ, ಲೈಸೆನ್ಸ್ ಬಂದು ಆರು ತಿಂಗಳೂ ಆಗಿರಲಿಲ್ಲ. ನಾನು ಹಿಂದೆ ಅಪ್ಪನ ತಲೆ ಹಿಡಿದುಕೊಂಡು ಕೂತಿದ್ದೆ. ಕಾರಿನ ಲೆಕ್ಕ ನನ್ನ ಹತ್ತಿರ ಮಾತಾಡಬೇಡಿ.

(ಇಪ್ಪತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ.)

ಭಾವ: ಈಗಲಾದರೂ ಆ ಫಾರ್ವರ್ಡ್ ಡಿಲೀಟ್ ಮಾಡುತ್ತೀರಾ ಮಾವ?

ನಾನು: ಭಾವ, ಅದು ಇರಲಿ ಬಿಡಿ. ಪೊಲೀಸರು ಎತ್ತಿಕೊಂಡು ಹೋಗುತ್ತಾರೆ ಅನ್ನುವ ಭಯ ನನಗಿಲ್ಲ. ನನ್ನ ಕಷ್ಟ ಬೇರೆ, ಅದನ್ನು ಇಲ್ಲಿ ಕೇಳಲು ಒಂದು ವರ್ಷದಿಂದ ಹಿಂಜರಿಯುತ್ತಿದ್ದೇನೆ. ಆರ್‌ಸಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ, ಅವಧಿಯೂ ಮುಗಿದಿದೆ. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಓಗೆ ತಿಳಿಸಿ, ಮೂರು ತಿಂಗಳೊಳಗೆ ಹೆಸರು ಬದಲಾವಣೆಯ ಅರ್ಜಿ ಫಾರ್ಮ್ 31 ಕೊಡಬೇಕಿತ್ತು. ನಾವು ಯಾರೂ ಕೊಡಲಿಲ್ಲ. ಆ ಹೊತ್ತಿಗೆ ಯಾರಿಗೂ ಕಾರಿನ ಯೋಚನೆ ಇರಲಿಲ್ಲ, ತಪ್ಪು ಯಾರದ್ದೂ ಅಲ್ಲ. ದಂಡ ಎಷ್ಟಾದರೂ ನಾನೇ ಕಟ್ಟುತ್ತೇನೆ. ಆದರೆ ವಾರಸುದಾರರೆಲ್ಲ ಒಪ್ಪಿಗೆ ಬರೆದು ಸಹಿ ಹಾಕಬೇಕು. ದೊಡ್ಡಪ್ಪ, ಅಪ್ಪ, ಅತ್ತೆ, ಚಿಕ್ಕಪ್ಪ, ಅಜ್ಜಿ. ಒಂದು ಸಹಿ ಇಲ್ಲದಿದ್ದರೂ ಹೊಸ ಬ್ರೇಕ್ ಹಾಕಿದ ಕಾರು ಶೆಡ್‌ನಲ್ಲೇ ಇರುತ್ತದೆ. ಯಾರ ಹೆಸರಿಗೆ ಅಂತ ನೀವೇ ಹೇಳಿ, ನನ್ನ ಹೆಸರೇ ಆಗಬೇಕು ಅಂತಿಲ್ಲ.

ಅಪ್ಪ: ನನ್ನದು ಅಜ್ಜಿಯದು ಎರಡೂ ಆಯಿತು ಅಂತ ತಿಳಿದುಕೋ.

ಅತ್ತೆ: ನನ್ನದೂ. ಅಜ್ಜಿಯ ಹೆಸರಿಗೇ ಮಾಡಿಸು.

ಚಿಕ್ಕಪ್ಪ: ಹಾಕುತ್ತೇನೆ. ಗಾಡಿ ಹೊರಟ ದಿನ ಮೊದಲು ನಮ್ಮ ಮನೆ ಬಾಗಿಲಿಗೆ ಬರಬೇಕು, ನಿನ್ನ ಚಿಕ್ಕಮ್ಮನನ್ನು ಕೂರಿಸಿಕೊಂಡು ಹೋಗಬೇಕು.

ನಾನು: ಖಂಡಿತ ಚಿಕ್ಕಪ್ಪ. ಅಜ್ಜನ ಮರಣ ಪ್ರಮಾಣಪತ್ರದ ಒರಿಜಿನಲ್ ಯಾರ ಹತ್ತಿರ ಇದೆ?

ದೊಡ್ಡಪ್ಪ: ನನ್ನ ಬೀರುವಿನಲ್ಲಿದೆ. ಹಳೆಯ ಆರ್‌ಸಿ ಪುಸ್ತಕದ ಜೊತೆ. ಎಷ್ಟು ಜೆರಾಕ್ಸ್ ಬೇಕು ಹೇಳು.