ಮೂರು ಮಕ್ಕಳು, ಮೂರು ವಯಸ್ಸು: ಮನೆಯಲ್ಲೇ ಕಲಿಸುವವರು ಯಾವ ಪಠ್ಯ ಹಿಡಿಯುತ್ತೀರಿ?

ಪೆರ್ಲದಿಂದ ಒಬ್ಬ ಅಮ್ಮ

ಎಲ್ಲರಿಗೂ ನಮಸ್ಕಾರ. ಕೇರಳದ ಗಡಿಯೊಳಗಿನ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ, ಪೆರ್ಲ ಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಮಗಳಿಗೆ 13, ನಡುವಿನವನಿಗೆ 9, ಕಿರಿಯವನಿಗೆ 5. ಈ ಜೂನ್‌ನಿಂದ ಮೂವರೂ ಮನೆಯಲ್ಲೇ ಕಲಿಯುತ್ತಿದ್ದಾರೆ. ಕಾರಣವನ್ನು ಉದ್ದ ಮಾಡುವುದಿಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದರೆ ಏನಾಗುತ್ತದೆ ಎಂದು ಈ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಶಾಲೆ ಬಿಡಿಸಿದ್ದು ಸರಿಯೇ ತಪ್ಪೇ ಎಂಬ ಚರ್ಚೆ ಮಾವನವರೊಂದಿಗೆ ಬೇಕಾದಷ್ಟು ಆಗಿದೆ, ಇಲ್ಲಿ ಅದನ್ನು ಮತ್ತೆ ತೆರೆಯಬೇಡಿ.

ನನ್ನ ತೊಂದರೆ ಪುಸ್ತಕಗಳದು. ಕೇರಳ ರಾಜ್ಯದ ಪಠ್ಯ ರಚಿಸುವ ಎಸ್‌ಸಿಇಆರ್‌ಟಿಯ ಕನ್ನಡ ಮಾಧ್ಯಮದ ಪುಸ್ತಕಗಳು ಇವೆ. ಪುತ್ತೂರಿನ ಅಕ್ಕ ಕರ್ನಾಟಕದ್ದನ್ನು ಕಳುಹಿಸಿದ್ದಾಳೆ. ಕೇಂದ್ರದ ಪಠ್ಯ ರಚಿಸುವ ಎನ್‌ಸಿಇಆರ್‌ಟಿಯ ಪಿಡಿಎಫ್‌ಗಳನ್ನು ಇಳಿಸಿಕೊಂಡಿದ್ದೇನೆ. ಇದು ಸಾಲದು ಎಂಬಂತೆ ದುಬೈಯ ನಾದಿನಿ ಅಮೆರಿಕದ ಮನೆಶಾಲೆ ಪ್ಯಾಕೇಜ್ ಒಂದನ್ನು ಕಳುಹಿಸಿದ್ದಾಳೆ. ಅದರಲ್ಲಿ ಕೂಡುವ ಕಳೆಯುವ ಲೆಕ್ಕವೆಲ್ಲ ಸೆಂಟು, ಡೈಮುಗಳಲ್ಲಿ, ಋತುಗಳ ಪಾಠದಲ್ಲಿ ಬರೀ ಹಿಮ. ಮೂವರಿಗೂ ಐದೈದು ವಿಷಯ ಎಂದರೆ ದಿನಕ್ಕೆ ಹದಿನೈದು ಪಾಠ. ನಡುವೆ ಅಡುಗೆ, ಹಟ್ಟಿ, ಅಂಗಳದ ಅಡಿಕೆ. ಮಧ್ಯಾಹ್ನದ ಹೊತ್ತಿಗೆ ನನ್ನ ಗಂಟಲು ಬಿದ್ದುಹೋಗಿರುತ್ತದೆ.

ಯಾವುದಾದರೂ ಒಂದನ್ನೇ ಹಿಡಿಯಬೇಕೇ? ಬೆರೆಸುವುದಾದರೆ ಹೇಗೆ? ಮಲಯಾಳ ಮಾತು ಮೂವರಿಗೂ ಬರುತ್ತದೆ, ಓದು ಬಾರದು. ಅದನ್ನು ಬಿಡಬಹುದೇ? ಮಗಳ ಹತ್ತನೆಯ ತರಗತಿಯ ಕಥೆ ಏನು?

ಮುಳ್ಳೇರಿಯದ ಟೀಚರ್

ನಿಮ್ಮ ಪಟ್ಟಿಯನ್ನು ಓದಿಯೇ ನನಗೆ ಆಯಾಸವಾಯಿತು. ಹದಿನೈದು ಪಾಠ ಒಬ್ಬರಿಂದ ಆಗುವ ಕೆಲಸವಲ್ಲ, ಅದನ್ನು ಇವತ್ತೇ ನಿಲ್ಲಿಸಿ.

ಮದುವೆಗೆ ಮೊದಲು ನಾನು ಸುಳ್ಯ ತಾಲೂಕಿನ ಒಂದು ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ನಲಿ-ಕಲಿ ತರಗತಿ ನಡೆಸುತ್ತಿದ್ದೆ. ಒಂದರಿಂದ ಮೂರನೆಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ, ಟೀಚರ್ ಒಬ್ಬಳೇ. ಈಗ ಗಡಿಯ ಈಚೆ ನನ್ನ ಇಬ್ಬರಿಗೂ ಭಾವನ ಮಗಳಿಗೂ ಮನೆಯಲ್ಲೇ ಕಲಿಸುತ್ತೇನೆ. ಹಾಗಾಗಿ ನಿಮ್ಮ ಸಮಸ್ಯೆ ನನಗೆ ಹೊಸದಲ್ಲ. ಈ ಕ್ರಮ ಹುಟ್ಟಿದ್ದೂ ಇದೇ ಸಮಸ್ಯೆಯಿಂದ. ಆಂಧ್ರದ ಮದನಪಲ್ಲಿ ಬಳಿ ರಿಷಿವ್ಯಾಲಿ ಶಾಲೆಯವರು ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಕಾರ್ಡುಗಳನ್ನೂ ಕಲಿಕೆಯ ಏಣಿಯನ್ನೂ ಮಾಡಿದ್ದರು. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಅದನ್ನು ನೋಡಿ ಬಂದು ನಲಿ-ಕಲಿಯನ್ನು ಕಟ್ಟಿದರು.

ಅದರಲ್ಲಿ ಮಕ್ಕಳನ್ನು ಕೂರಿಸುವುದು ತರಗತಿ ನೋಡಿ ಅಲ್ಲ, ಎಷ್ಟು ಸಹಾಯ ಬೇಕು ಎಂಬುದನ್ನು ನೋಡಿ. ಟೀಚರ್ ಪೂರ್ತಿ ಪಕ್ಕದಲ್ಲಿ ಇರಬೇಕಾದವರದು ಒಂದು ತಟ್ಟೆ, ಆಗಾಗ ಇಣುಕಿದರೆ ಸಾಕಾಗುವವರದು ಇನ್ನೊಂದು, ಗೆಳೆಯನಿಂದ ಕಲಿಯುವವರದು ಮತ್ತೊಂದು, ತಾವೇ ಮಾಡಿಕೊಳ್ಳುವವರದು ಬೇರೊಂದು. ಗುಂಪಿಗೆ ತಟ್ಟೆ ಎಂದೇ ಹೆಸರು. ನಿಮ್ಮಲ್ಲಿ ಮಕ್ಕಳು ಮೂವರೇ, ಆದ್ದರಿಂದ ಮೂರು ತಟ್ಟೆ ಸಾಕು. ಬೆಳಿಗ್ಗೆ ಕಿರಿಯವನ ಅಕ್ಷರಕ್ಕೆ ನೀವು ಪೂರ್ತಿ ಕೂತಿರುವಾಗ ಮಗಳು ತಾನೇ ಮಾಡಬಲ್ಲ ಲೆಕ್ಕ ಮಾಡಲಿ, ನಡುವಿನವನು ಒಮ್ಮೊಮ್ಮೆ ನೋಡಿದರೆ ಸಾಕಾಗುವ ಓದನ್ನು ಹಿಡಿಯಲಿ. ಇಪ್ಪತ್ತು ನಿಮಿಷಕ್ಕೆ ಕಿರಿಯವನು ಹೇಗೂ ಎದ್ದು ಓಡುತ್ತಾನೆ, ಓಡಲಿ. ಆಗ ನಡುವಿನವನ ಸರದಿ. ಮಗಳ ಹೊಸ ಪಾಠವನ್ನು ಚಿಕ್ಕವರು ಇಲ್ಲದ ಹೊತ್ತಿಗೆ ಇಟ್ಟುಕೊಳ್ಳಿ. ಮೂವರಿಗೂ ಒಟ್ಟಿಗೆ ಹೊಸದನ್ನು ಕಲಿಸಲು ಹೊರಟರೆ ಮಾತ್ರ ಗಂಟಲು ಬೀಳುತ್ತದೆ.

ಇನ್ನು ಪುಸ್ತಕ. ಗಣಿತ ಮತ್ತು ಓದು-ಬರಹ ಏಣಿಯ ವಿಷಯಗಳು. ಒಂದು ಮೆಟ್ಟಿಲು ತಪ್ಪಿದರೆ ಮೇಲಿನದಕ್ಕೆ ಕಾಲು ಸಿಗುವುದಿಲ್ಲ. ಅಲ್ಲಿ ಮೂವರೂ ಬೇರೆ ಬೇರೆಯೇ. ಗಣಿತದಲ್ಲಿ ಪಠ್ಯಗಳನ್ನು ಬೆರೆಸಲೇಬೇಡಿ. ಭಿನ್ನರಾಶಿಯನ್ನು ಒಬ್ಬರು ಈ ತರಗತಿಯಲ್ಲಿ ಎತ್ತಿಕೊಂಡರೆ ಮತ್ತೊಬ್ಬರು ಬೇರೆ ತರಗತಿಯಲ್ಲಿ ಎತ್ತಿಕೊಳ್ಳುತ್ತಾರೆ. ಬೆರೆಸಿದ ಮಗುವಿಗೆ ಒಂದು ಪಾಠ ಎರಡು ಸಲ ಬಂದು ಇನ್ನೊಂದು ಪೂರ್ತಿ ಬಿಟ್ಟೇ ಹೋಗುತ್ತದೆ. ನಾನು ಎನ್‌ಸಿಇಆರ್‌ಟಿ ಹಿಡಿದಿದ್ದೇನೆ, ನೀವು ಕೇರಳದ್ದನ್ನು ಹಿಡಿದರೂ ತಕರಾರಿಲ್ಲ. ವರ್ಷದ ನಡುವೆ ಬದಲಿಸದಿದ್ದರೆ ಆಯಿತು. ಕನ್ನಡಕ್ಕೆ ನಿಮ್ಮ ಅಕ್ಕ ಕಳುಹಿಸಿದ ಕರ್ನಾಟಕದ ಪುಸ್ತಕಗಳು ಇರಲಿ. ಜೊತೆಗೆ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಹಂತವಾರಾಗಿ, ಉಚಿತವಾಗಿ ಸಿಗುತ್ತವೆ. ನಡುವಿನವನು ಕಿರಿಯವನಿಗೆ ಒಂದು ಕಥೆ ಓದಿ ಹೇಳಲಿ, ಇಬ್ಬರ ಓದೂ ಆಯಿತು.

ಉಳಿದ ವಿಷಯಗಳಲ್ಲಿ ಮೂವರಿಗೂ ಒಂದೇ ಪಾಠ, ಮಾಡುವ ಕೆಲಸ ಮಾತ್ರ ಬೇರೆ. ಪರಿಸರಕ್ಕೂ ಸಮಾಜಕ್ಕೂ ಕೇರಳದ ಪುಸ್ತಕವನ್ನು ನಕ್ಷೆಯಂತೆ ಇಟ್ಟುಕೊಳ್ಳಿ, ನಡೆಯುವುದು ನಿಮ್ಮ ತೋಟದಲ್ಲೇ ಆಗಲಿ.

ಈಗ ಮಳೆಗಾಲ, ಮಳೆಯಿಂದಲೇ ಶುರುಮಾಡಿ. ನೆಟ್ಟಗಿನ ಬದಿಯ ಬಾಟಲಿಯೊಂದನ್ನು ಅಂಗಳದಲ್ಲಿ ಮರದ ನೆರಳಿಲ್ಲದ ಕಡೆ ಇಡಿ. ಕಿರಿಯವನು ದಿನವೂ ನೀರಿನ ಮಟ್ಟಕ್ಕೆ ಗೆರೆ ಎಳೆಯಲಿ. ನಡುವಿನವನು ಮಿಲಿಮೀಟರಿನಲ್ಲಿ ಅಳೆದು ಸ್ತಂಭನಕ್ಷೆ ಬರೆಯಲಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು ಎಂಬುದನ್ನು ಮಗಳಿಗೆ ಹೇಳಿಕೊಡಿ, ಮನೆಯ ಮಾಡಿನ ಲೆಕ್ಕವನ್ನು ಅವಳೇ ಹಾಕುತ್ತಾಳೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ನೂರು ಚದರ ಮೀಟರಿನ ಮಾಡಿನಿಂದ ಮೂರೂವರೆ ಲಕ್ಷ ಲೀಟರ್ ಇಳಿಯುತ್ತದೆ. ಹಾಗಿದ್ದರೂ ಏಪ್ರಿಲಿನಲ್ಲಿ ನಾವು ಟ್ಯಾಂಕರಿಗೆ ಕಾಯುವುದು ಏಕೆ? ಈ ಪ್ರಶ್ನೆ ಹಿಡಿದು ಮೂವರನ್ನೂ ಸುರಂಗ ಇರುವ ಒಂದು ಮನೆಗೆ ಕರೆದುಕೊಂಡು ಹೋಗಿ. ನಿಮ್ಮ ಎಣ್ಮಕಜೆ, ಪೈವಳಿಕೆ, ಬಾಯಾರು ಕಡೆ ಬೇಕಾದಷ್ಟಿವೆ. ಗುಡ್ಡಕ್ಕೆ ಅಡ್ಡವಾಗಿ ಮುರಕಲ್ಲು ಕೊರೆದು ಪಂಪಿಲ್ಲದೆ ನೀರನ್ನು ಅಂಗಳಕ್ಕೆ ತಂದವರು ನಮ್ಮ ಹಿರಿಯರು. ಒಳಗೆ ದೀಪ ಇಟ್ಟುಕೊಂಡೇ ಅಗೆಯುತ್ತಿದ್ದುದು ಏಕೆ, ಉದ್ದದ ಸುರಂಗಕ್ಕೆ ಮೇಲಿನಿಂದ ಗಾಳಿಬಾವಿ ಏಕೆ ಎಂದು ಕೇಳಿದರೆ ಆಮ್ಲಜನಕದ ಪಾಠ ತಾನಾಗಿ ಬರುತ್ತದೆ. ಮಕ್ಕಳನ್ನು ಒಳಗೆ ಬಿಡಬೇಡಿ, ಬಾಯಿಯಲ್ಲೇ ನಿಂತು ನೋಡಿದರೆ ಸಾಕು.

ಅಡಿಕೆಗೆ ಮದ್ದು ಬಿಡುವ ದಿನವನ್ನೂ ಕಳೆದುಕೊಳ್ಳಬೇಡಿ. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) ಐವತ್ತು ಲೀಟರಿಗೆ, ಒಂದು ಕಿಲೋ ಸುಣ್ಣ ಐವತ್ತು ಲೀಟರಿಗೆ. ಎರಡೂ ಸೇರಿದರೆ ಶೇಕಡಾ ಒಂದರ ಬೋರ್ಡೋ ದ್ರಾವಣ. ಶೇಕಡಾವಾರು ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಯಾವ ಪುಸ್ತಕದಲ್ಲಿದೆ? ಸುಣ್ಣ ಸಾಕಾಯಿತೇ ಎಂದು ನೋಡಲು ಕಬ್ಬಿಣದ ಕತ್ತಿಯನ್ನು ಅದ್ದುತ್ತಾರಲ್ಲ, ಕತ್ತಿಗೆ ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು. ಕಬ್ಬಿಣವು ತಾಮ್ರವನ್ನು ದ್ರಾವಣದಿಂದ ಹೊರಗೆ ತಳ್ಳುವ ಈ ಸ್ಥಾನಪಲ್ಲಟ ಕ್ರಿಯೆ ಹತ್ತನೆಯ ತರಗತಿಯ ರಸಾಯನಶಾಸ್ತ್ರ. ಮಗಳು ದೂರ ನಿಂತು ನೋಡಿ ಬರೆದಿಟ್ಟುಕೊಳ್ಳಲಿ.

ಸಮಾಜಕ್ಕೂ ಇದೇ ಕ್ರಮ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸುವಂತಿಲ್ಲ ಎಂದು 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ 7-6ರ ಬಹುಮತದಿಂದ ಹೇಳಿದ ಪ್ರಕರಣ ನಮ್ಮ ಜಿಲ್ಲೆಯ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರದು. ಕೇರಳದ ಭೂಸುಧಾರಣೆಯ ಕಾನೂನಿನ ವಿರುದ್ಧ ಹೂಡಿದ ದಾವೆ ಅದು. ದೆಹಲಿಯ ಕಾನೂನು ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡುವ ಹೆಸರು, ನಮ್ಮ ಮಕ್ಕಳಿಗೆ ಎಡನೀರು ಎಂದರೆ ಯಕ್ಷಗಾನ ಮತ್ತು ಊಟ ಮಾತ್ರ! ಮಗಳಿಗೆ ಸಂವಿಧಾನ, ನಡುವಿನವನಿಗೆ ಅಜ್ಜನ ಕಾಲದ ಗೇಣಿಯ ಕಥೆ. ಅದನ್ನು ಹೇಳುವ ಕೆಲಸವನ್ನು ನಿಮ್ಮ ಮಾವನವರಿಗೇ ಒಪ್ಪಿಸಿ. ಚರ್ಚೆ ಅರ್ಧ ಕಡಿಮೆಯಾಗುತ್ತದೆ.

ಅಮೆರಿಕದ ಪ್ಯಾಕೇಜನ್ನು ಅಟ್ಟಕ್ಕೆ ಹಾಕಿ. ಅದರಲ್ಲಿ ಓದಿದ್ದನ್ನು ಪುಸ್ತಕ ಮುಚ್ಚಿ ಮರಳಿ ಹೇಳಿಸುವ ಅಭ್ಯಾಸ ಇದ್ದರೆ ಅದೊಂದನ್ನು ಇಟ್ಟುಕೊಳ್ಳಿ. ಬ್ರಿಟನ್ನಿನ ಶಾರ್ಲೆಟ್ ಮೇಸನ್ (1842–1923) ಅದನ್ನು ತಮ್ಮ ಕ್ರಮದ ನಡುಗಂಬವಾಗಿ ಮಾಡಿಕೊಂಡಿದ್ದರು. ಪಾಠ ಚಿಕ್ಕದಿರಬೇಕು ಎಂದೂ ಅವರು ಹೇಳಿದ್ದರು. ಇಂಥದಕ್ಕೆ ಹಣ ಕೊಟ್ಟು ಪ್ಯಾಕೇಜ್ ಕೊಳ್ಳಬೇಕಾಗಿಲ್ಲ.

ಮಲಯಾಳವನ್ನು ಮಾತ್ರ ಬಿಡಬೇಡಿ. ಕೋಪ ಇರುವುದು ಸಹಜ, ನನಗೂ ಇದೆ. ಆದರೆ ವಿಲೇಜ್ ಆಫೀಸಿನ ಅರ್ಜಿಯನ್ನು ಮಗಳು ಇನ್ನೊಬ್ಬರಿಂದ ಓದಿಸಿಕೊಳ್ಳುವಂತೆ ಆಗಬಾರದು. ನಿಮ್ಮ ಮನೆಯಲ್ಲಿ ಮೂವರೂ ನಿಜವಾಗಿ ಒಂದೇ ತರಗತಿಯಲ್ಲಿರುವ ವಿಷಯ ಇದೊಂದೇ. ಕೇರಳದ ಒಂದನೆಯ ತರಗತಿಯ ಮಲಯಾಳ ಪುಸ್ತಕ, ದಿನಕ್ಕೆ ಕಾಲು ಗಂಟೆ, ಮೂವರೂ ಒಟ್ಟಿಗೆ. ನೀವೂ ಕೂರಿ.

ಮಂಜೇಶ್ವರದ ಲೆಕ್ಕಿಗ

ಟೀಚರ್ ಹತ್ತನೆಯದರ ಬಗ್ಗೆ ಹೇಳಲಿಲ್ಲ, ಅದನ್ನು ನಾನು ಹೇಳುತ್ತೇನೆ. ನನ್ನ ಮಗಳು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್ ಮೂಲಕ ಹತ್ತನೆಯದನ್ನು ಮುಗಿಸಿ ಈಗ ಪ್ಲಸ್ ಒನ್‌ನಲ್ಲಿ, ಅಂದರೆ ಹನ್ನೊಂದನೆಯದರಲ್ಲಿ ಇದ್ದಾಳೆ.

ಸೇರಲು 14 ವರ್ಷ ತುಂಬಿರಬೇಕು. ಐದು ವಿಷಯ ಸಾಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಕನ್ನಡವೂ ಭಾಷಾ ವಿಷಯವಾಗಿ ಸಿಗುತ್ತದೆ. ನೋಂದಣಿ ಐದು ವರ್ಷ ನಡೆಯುತ್ತದೆ, ಪರೀಕ್ಷೆಗೆ ಒಂಬತ್ತು ಅವಕಾಶ. ಏಪ್ರಿಲ್-ಮೇಯಲ್ಲಿ ಒಮ್ಮೆ, ಅಕ್ಟೋಬರ್-ನವೆಂಬರಿನಲ್ಲಿ ಒಮ್ಮೆ ಪರೀಕ್ಷೆ. ಪಾಸಾದ ವಿಷಯದ ಅಂಕ ಹಾಗೇ ಉಳಿಯುತ್ತದೆ. ಆದ್ದರಿಂದ ಎಲ್ಲವನ್ನೂ ಒಂದೇ ಸಲ ಬರೆಯಿಸುವ ಹಟ ಬೇಡ. ನಾವು ಕನ್ನಡವನ್ನೂ ಗೃಹವಿಜ್ಞಾನವನ್ನೂ ಮೊದಲು ಬರೆಯಿಸಿದೆವು, ಗಣಿತ ವಿಜ್ಞಾನಗಳಿಗೆ ನಂತರ ಪೂರ್ತಿ ಸಮಯ ಸಿಕ್ಕಿತು. ಬರೆದು ಒಪ್ಪಿಸುವ ನಿಯೋಜಿತ ಕೆಲಸವನ್ನು ಅಲಕ್ಷಿಸಬೇಡಿ, ಅದಕ್ಕೂ ಅಂಕ ಇದೆ. ಗಣಿತ ಇಲ್ಲದೆಯೂ ಇಲ್ಲಿ ಹತ್ತನೆಯದನ್ನು ಪಾಸಾಗಬಹುದು, ಕೆಲವರು ಅದನ್ನೇ ದೊಡ್ಡ ಅನುಕೂಲ ಎಂದು ಹೇಳುತ್ತಾರೆ. ಮುಂದೆ ವಿಜ್ಞಾನ ಓದುವ ಆಸೆ ಒಂದು ಚೂರು ಇದ್ದರೂ ಗಣಿತವನ್ನು ಕೈಬಿಡಿಸಬೇಡಿ.

ಜನನ ಪ್ರಮಾಣಪತ್ರ ಮತ್ತು ಆಧಾರ್‌ನಲ್ಲಿ ಮಗಳ ಹೆಸರು ಅಕ್ಷರಶಃ ಒಂದೇ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ಕನ್ನಡದ ಹೆಸರು ಮಲಯಾಳದ ದಾಖಲೆ ದಾಟಿ ಇಂಗ್ಲಿಷಿಗೆ ಬರುವಷ್ಟರಲ್ಲಿ ಒಂದು ಎಚ್ ಸೇರಿರುತ್ತದೆ ಅಥವಾ ಬಿದ್ದಿರುತ್ತದೆ.

ಕಿರಿಯರಿಬ್ಬರ ಬಗ್ಗೆ ಅಷ್ಟು ಚಿಂತೆ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14ರವರೆಗಿನ ಮಕ್ಕಳದು. ಮನೆಶಾಲೆಯ ಹೆಸರನ್ನು ಅದು ಎತ್ತುವುದಿಲ್ಲ. ಆದರೆ ಶಾಲೆಯ ಹೊರಗೆ ಉಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಎಂದು ಅದರ ನಾಲ್ಕನೆಯ ಸೆಕ್ಷನ್ ಹೇಳುತ್ತದೆ. ಮರಳುವ ಬಾಗಿಲು ತೆರೆದಿದೆ.

ತಾಳವಾಡಿಯ ತರಕಾರಿ ಬೆಳೆಗಾರ

ನಮ್ಮದು ತಮಿಳುನಾಡಿನ ಈರೋಡು ಜಿಲ್ಲೆ, ಕರ್ನಾಟಕದ ಅಂಚಿನ ಊರು. ನಿಮ್ಮಲ್ಲಿ ಮಲಯಾಳದ ಕಥೆ ಏನೋ ನಮ್ಮಲ್ಲಿ ತಮಿಳಿನದೂ ಅದೇ. ನಮ್ಮ ರಾಜ್ಯದ 2006ರ ಕಾಯ್ದೆಯ ನಂತರ ಶಾಲೆಗಳಲ್ಲಿ ತಮಿಳು ಕಡ್ಡಾಯವಾಯಿತು. ಟೀಚರ್ ಹೇಳಿದ್ದು ಹೆಚ್ಚಿನದು ಸರಿ, ಒಂದಕ್ಕೆ ಮಾತ್ರ ನನ್ನ ವಿರೋಧವಿದೆ. ದೊಡ್ಡವರಿಂದ ಚಿಕ್ಕವರಿಗೆ ಕಲಿಸುವುದು ಕೇಳಲು ಚೆನ್ನ. ನಮ್ಮ ಮನೆಯಲ್ಲಿ ಅದು ನಿಧಾನವಾಗಿ ದೊಡ್ಡ ಮಗಳ ಕೆಲಸವೇ ಆಗಿಬಿಟ್ಟಿತು. ಅವಳು ತಮ್ಮನ ಮಗ್ಗಿ ಒಪ್ಪಿಸಿಕೊಳ್ಳುತ್ತಾ ತನ್ನ ಬೀಜಗಣಿತವನ್ನು ರಾತ್ರಿಗೆ ತಳ್ಳುತ್ತಿದ್ದಳು. ಹೆಣ್ಣು ಮಗುವಾದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. 13ರ ಮಗುವಿಗೆ ಬಾಗಿಲು ಹಾಕಿಕೊಂಡು ಓದುವ ಹೊತ್ತು ಬೇಕು, ಅದನ್ನು ಯಾರಿಗಾಗಿಯೂ ಮುರಿಯಬೇಡಿ.

ಮುಳ್ಳೇರಿಯದ ಟೀಚರ್

ಅಣ್ಣಾ, ನಾನು ಕೆಲಸ ಹೇಳಿದ್ದು ನಡುವಿನವನಿಗೆ, ಅದೂ ಒಂದು ಕಥೆ ಓದಲು ಮಾತ್ರ. ಆದರೂ ನಿಮ್ಮ ಮಾತನ್ನು ಒಪ್ಪುತ್ತೇನೆ. ನಲಿ-ಕಲಿಯ ಕೋಣೆಯಲ್ಲೂ ಚುರುಕಾದ ಹುಡುಗಿಯರೇ ಯಾವಾಗಲೂ ಸಹಾಯಕ್ಕೆ ಕೂರುತ್ತಿದ್ದರು.

ಪೆರ್ಲದಿಂದ ಒಬ್ಬ ಅಮ್ಮ

ಮೂವರಿಗೂ ವಂದನೆ. ಗಣಿತಕ್ಕೆ ಎನ್‌ಸಿಇಆರ್‌ಟಿ, ಕನ್ನಡಕ್ಕೆ ಕರ್ನಾಟಕ, ಉಳಿದದ್ದಕ್ಕೆ ಕೇರಳದ್ದು ಎಂದು ನಿಶ್ಚಯಿಸಿದೆವು. ಗೇಣಿಯ ಕಥೆ ಹೇಳಲು ಮಾವನವರು ಕೇಳಿದ ಕೂಡಲೇ ಒಪ್ಪಿದರು, ಹಳೆಯ ರಶೀದಿಗಳ ಕಟ್ಟನ್ನೂ ತೆಗೆದಿದ್ದಾರೆ. ಟೀಚರ್, ಇನ್ನೊಂದು ಸಂಗತಿ ಕೇಳಬೇಕು. ನಡುವಿನವನು ಬಾಯಲ್ಲಿ ಎಲ್ಲವನ್ನೂ ಹೇಳುತ್ತಾನೆ, ಪೆನ್ಸಿಲ್ ಕೊಟ್ಟರೆ ಮುಖ ತಿರುಗಿಸುತ್ತಾನೆ. ಎಲ್ಲ ವಿಷಯದಲ್ಲೂ ಬರೆಯಿಸಬೇಕೇ?

ಮುಳ್ಳೇರಿಯದ ಟೀಚರ್

ಬೇಡ. ಪರಿಸರ, ಸಮಾಜ ಎರಡೂ ಬಾಯಲ್ಲೇ ಆಗಲಿ. ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ನೀವು ಬರೆದುಕೊಳ್ಳಿ, ಅದರಲ್ಲಿ ಒಂದೇ ಒಂದು ವಾಕ್ಯವನ್ನು ಅವನು ಆರಿಸಿ ನಕಲು ಮಾಡಲಿ. ಬರಹದ ಅಭ್ಯಾಸ ಕನ್ನಡದ ಹೊತ್ತಿನಲ್ಲಿ ಮಾತ್ರ, ಹತ್ತು ನಿಮಿಷ. ಮಳೆಯ ನಕ್ಷೆಗೆ ಅಂಕಿ ತುಂಬುವುದನ್ನು ಮಾತ್ರ ಅವನಿಗೇ ಬಿಡಿ, ಅದು ಬರೆಯುವ ಕೆಲಸ ಎಂದು ಹೇಳಬೇಡಿ. ಪೆನ್ಸಿಲ್ ದಪ್ಪದ್ದು ಇರಲಿ, ಪುಸ್ತಕ ನಾಲ್ಕು ಗೆರೆಯದ್ದು ಬೇಡ.