ಮೊದಲ್ನೇ ಮ್ಯಾಚ್ ಹತ್ರ ಬಂತು, ರೆಸ್ಲಿಂಗ್ ಗಿಮಿಕ್ ಹೆಂಗೆ ಕಟ್ಕೊಳ್ಳೋದು?

ಹಾಸನ್_ಹುಡ್ಗ:
ಎಲ್ರಿಗೂ ನಮಸ್ಕಾರ. ಎಂಟು ತಿಂಗ್ಳಿಂದ ಶನಿವಾರ ಭಾನುವಾರ ಬೆಂಗ್ಳೂರಿಗೆ ಹೋಗಿ ಪ್ರೊ ರೆಸ್ಲಿಂಗ್ ಕಲೀತಾ ಇದೀನಿ, ಮಿಕ್ಕ ದಿನ ಇಲ್ಲೇ ಮಂಡೀಲಿ ಅಪ್ಪನ ಜೊತೆ ಆಲೂಗಡ್ಡೆ ಮೂಟೆ ಹೊರೋ ಕೆಲ್ಸ. ಬೆನ್ನ ಮೇಲೆ ಬೀಳೋದು, ಹಗ್ಗಕ್ಕೆ ಹೋಗಿ ವಾಪಸ್ ಬರೋದು ಎಲ್ಲ ಮೈಗೆ ಹತ್ತಿದೆ, ಆದ್ರೆ ಕೋಚ್ ಹೇಳ್ತಾರೆ ನಿನ್ ಹತ್ರ ಕ್ಯಾರೆಕ್ಟರ್ ಇಲ್ಲ, ಮುಂದಿನ ತಿಂಗ್ಳು ಮೊದಲ್ನೇ ಮ್ಯಾಚು, ಅಷ್ಟ್ರಲ್ಲಿ ಒಂದು ಗಿಮಿಕ್, ಅಂದ್ರೆ ರಿಂಗಲ್ಲಿ ಆಡೋ ಪಾತ್ರ, ತಗೊಂಡ್ ಬಾ ಅಂತ. ಅಂಡರ್‌ಟೇಕರ್ ಅನ್ನೋ ಟಿವಿ ರೆಸ್ಲರ್‌ನ ನೋಡ್ಕೊಂಡೇ ಬೆಳ್ದವ್ನು ನಾನು, ಅದಕ್ಕೆ ಮುಖಕ್ಕೆ ಬೂದಿ ಬಳ್ಕೊಂಡು ಅಘೋರಿ ಥರ ಟ್ರೈ ಮಾಡ್ದೆ. ಕನ್ನಡಿ ಮುಂದೆ ಚೆನ್ನಾಗಿತ್ತು, ರಿಂಗಲ್ಲಿ ಏಟು ಬಿದ್ದ ತಕ್ಷಣ ಅಘೋರಿ ಹೋಗಿ ನಾನೇ ಉಳ್ಕೊಂಡೆ. ದೊಡ್ಡೋರೆಲ್ಲ ಇದನ್ನ ಹೆಂಗೆ ಕಟ್ಟಿದ್ರು?

ಅರಸೀಕೆರೆ_ಫ್ಯಾನ್:
ತಮ್ಮಾ, ಮೊದಲ್ನೇ ಸಲಕ್ಕೇ ಸಿಕ್ಕಿರೋರು ಕಮ್ಮಿ ಕಣೋ. ಅಂಡರ್‌ಟೇಕರ್ರೇ 1990ರ ಸರ್ವೈವರ್ ಸೀರೀಸ್‌ಗೆ (WWE ದೊಡ್ಡ ಶೋ ಅದು) ಬರೋ ಮುಂಚೆ ಬೇರೆ ಕಂಪ್ನೀಲಿ ಮೀನ್ ಮಾರ್ಕ್ ಅಂತ ಆಡ್ತಿದ್ದ, ಯಾರಿಗೆ ನೆನಪಿದೆ? ಕೇನ್ ಅಂತೂ 1995ರಲ್ಲಿ ಹಲ್ಲಿನ ಡಾಕ್ಟರ್ ಆಗಿ ಬಂದಿದ್ದ, ಓಡ್ಲಿಲ್ಲ, 1997ರಲ್ಲಿ ಅದೇ ಆಳು ಕೆಂಪು ಡ್ರೆಸ್ಸು ಮಾಸ್ಕು ಹಾಕ್ಕೊಂಡು ಅಂಡರ್‌ಟೇಕರ್ ತಮ್ಮ ಅಂತ ಬಂದಾಗ ಮೈ ಜುಮ್ ಅಂತು. ಸ್ಟೀವ್ ಆಸ್ಟಿನ್‌ಗೆ ಕೊಟ್ಟಿದ್ ಹೆಸ್ರು ರಿಂಗ್‌ಮಾಸ್ಟರ್, ಅವ್ನಿಗೇ ಇಷ್ಟ ಇರ್ಲಿಲ್ಲ, ಬೇರೆ ಹೆಸ್ರು ಹುಡುಕ್ತಾ ತಲೆ ಕೆಡಿಸ್ಕೊಂಡಿದ್ದಾಗ ಹೆಂಡ್ತಿ ಟೀ ತಣ್ಣಗಾಗೋಗುತ್ತೆ ಕುಡಿ ಅಂದ್ಲಂತೆ, ಆ ಮಾತಲ್ಲೇ ಸ್ಟೋನ್ ಕೋಲ್ಡ್ ಸಿಕ್ತು. ರಾಕ್ ಕಥೆ ನಿಂಗೆ ಇನ್ನೂ ಹತ್ರ. 1996ರಲ್ಲಿ ರಾಕಿ ಮೈವಿಯಾ ಅಂತ ನಗ್ ನಗ್ತಾ ಬರೋ ಒಳ್ಳೇ ಹುಡ್ಗ, ಜನ ಸಾಯಿ ಅಂತ ಕೂಗಿದ್ರು. ಮುಂದಿನ ವರ್ಷ ಹೀಲ್ ಆಗಿ, ಅಂದ್ರೆ ವಿಲನ್ ಆಗಿ, ವಾಪಸ್ ಬಂದು ಆ ಸಿಟ್ಟನ್ನೇ ಮೈಕಲ್ಲಿ ಆಡ್ದ, ಅದು ನಿಜವಾದ ಸಿಟ್ಟು, ಅದಕ್ಕೇ ನಿಂತ್ಕೊಂತು. ನಿನ್ನೊಳಗೆ ಇರೋದನ್ನ ತಗೊಂಡು ವಾಲ್ಯೂಮ್ ಜಾಸ್ತಿ ಮಾಡು, ಇಲ್ದಿರೋದನ್ನ ಹಚ್ಕೊಂಡ್ರೆ ಬೆವರಲ್ಲೇ ತೊಳ್ದೋಗುತ್ತೆ.

ಕೊಪ್ಪದ_ಚೌಕಿ:
ಬಣ್ಣ ಹಚ್ಚೋದು ತಪ್ಪಲ್ಲ ಮಾರಾಯ್ರೆ, ಹಚ್ಚಿದ್ಮೇಲೆ ನಡಿಗೆ ಬದಲಾಗ್ಬೇಕು ಅಷ್ಟೆ. ನಮ್ಮ ಕಡೆ ಯಕ್ಷಗಾನ ಆಟದಲ್ಲಿ ಬಣ್ಣದ ವೇಷ ನೋಡಿ, ರಾಕ್ಷಸರ ಪಾತ್ರ ಅದು, ಗಂಟೆಗಟ್ಟಲೆ ಬಣ್ಣ ಹಚ್ಚೋ ಚೌಕೀಲಿ ಕೂತು ಮುಖಕ್ಕೆ ಅಕ್ಕಿ ಹಿಟ್ಟಿನ ಚಿಟ್ಟಿ ಚುಕ್ಕೆ ಇಡಿಸ್ಕೊಂಡು ರಂಗಕ್ಕೆ ಬಂದ್ರೂ ಮುಖ ಒಟ್ಟಿಗೇ ತೋರ್ಸಲ್ಲ, ತೆರೆ ಹಿಂದೆ ಕಿರೀಟದ ತುದಿ ಮಾತ್ರ, ಆಮೇಲೆ ಕೈ, ಆಮೇಲೆ ಒಂದು ಆರ್ಭಟ, ಚಂಡೆ ಏರ್ತಾ ಹೋಗುತ್ತೆ, ತೆರೆ ಸರಿಯೋ ಹೊತ್ತಿಗೆ ಮುಂದೆ ಕೂತ ಮಕ್ಕಳು ಅಜ್ಜಿ ಸೆರಗಲ್ಲಿ ಇರ್ತಾವೆ. ಅಂಡರ್‌ಟೇಕರ್ ಎಂಟ್ರಿನೂ ನಂಗೆ ಅದೇ ಲೆಕ್ಕ ಅನ್ಸುತ್ತೆ. ಗಂಟೆ ಸದ್ದು, ಕತ್ತಲೆ, ರಿಂಗ್ ಮುಟ್ಟೋಕೆ ಅಷ್ಟು ಹೊತ್ತು. ಹೊಡ್ದು ಕೆಡವಿದ್ರೂ ಕೈ ಊರದೆ ಸೊಂಟದಿಂದ ಸಟಕ್ಕನೆ ಎದ್ದು ಕೂರ್ತಿದ್ನಲ್ಲ, ಅಲ್ಲಿ ಗೊತ್ತಾಗೋದು ಇವ್ನು ಮನುಷ್ಯ ಅಲ್ಲ ಅಂತ. ನಿಮ್ಮ ಅಘೋರಿ ಏಟು ತಿಂದಾಗ ಹ್ಯಾಗೆ ಬೀಳ್ತಾನೆ, ಹ್ಯಾಗೆ ಏಳ್ತಾನೆ ಅಂತ ಯೋಚ್ನೆ ಮಾಡಿದ್ರಾ?

ಗರಡಿ_ಹಳಬ:
ನಾನು ಗರಡಿ ಮಟ್ಟೀಲಿ ಕುಸ್ತಿ ಆಡಿರೋನು, ನಿಮ್ ಟಿವಿ ಕುಸ್ತಿ ನಮ್ದಕ್ಕಿಂತ ಬೇರೆ, ಅಲ್ಲಿ ಗೆಲ್ಲೋರು ಯಾರು ಅಂತ ಮುಂಚೇನೇ ತೀರ್ಮಾನ ಆಗಿರುತ್ತೆ, ಆದ್ರೂ ಬೀಳೋ ನೋವು ನಿಜ ಅಂತ ಗೊತ್ತು. ಒಂದ್ ಮಾತು ಹೇಳ್ತೀನಿ ಮಗಾ. ಪೋಸ್ಟಲ್ಲಿ ನೀನೇ ಬರ್ದಿದೀಯ ಮೂಟೆ ಹೊರ್ತೀನಿ ಅಂತ, ಅಷ್ಟ್ ಬರ್ದು ಬೂದಿ ಯಾಕ್ ಹುಡುಕ್ತೀಯ? ಹಮಾಲಿಯಾಗೇ ಬಾ. ತಲೆಗೆ ಸಿಂಬೆ, ಹೆಗಲ ಮೇಲೆ ಮೂಟೆ, ಓಡ್ಬೇಡ, ಭಾರ ಹೊತ್ತೋನು ಓಡಲ್ಲ. ರಿಂಗ್ ಪಕ್ಕ ಮೂಟೆ ಧೊಪ್ ಅಂತ ಇಳ್ಸು. ಟಿವಿ ಕುಸ್ತಿಯ ಜಾನ್ ಸೀನ ಎದುರಾಳೀನ ಎರಡೂ ಹೆಗಲ ಮೇಲೆ ಅಡ್ಡ ಹಾಕ್ಕೊಂಡು ಒಗೀತಿದ್ನಲ್ಲ, ಅಂಥದ್ದೊಂದು ಪಟ್ಟು ನಿಂಗೆ ದಿನಾ ಮಾಡೋ ಕೆಲ್ಸ. ಮೂಟೆ ಎಳ್ಯೋ ಕೊಕ್ಕೆ ಮಾತ್ರ ಮನೇಲೇ ಇಟ್ ಬಾ, ಚುಚ್ಚಿದ್ರೆ ಕಷ್ಟ.

ಅರಸೀಕೆರೆ_ಫ್ಯಾನ್:
ಗರಡಿ ಅಣ್ಣ ಹೇಳಿದ್ದು ನೂರಕ್ಕೆ ನೂರು. ಸೀನಂಗೂ ಹಿಂಗೇ ಆಗಿದ್ದು, 2002ರಲ್ಲಿ ಬಂದಾಗ ಬರೀ ಕಲರ್ ಚಡ್ಡಿ ಹುಡ್ಗ, ಟೂರ್ ಬಸ್ಸಲ್ಲಿ ಸುಮ್ನೆ ರ್ಯಾಪ್ ಹೇಳ್ತಿದ್ದಿದ್ದು ಮೇಲಿನೋರ ಕಿವಿಗೆ ಬಿತ್ತು, ಅದೇ ಗಿಮಿಕ್ ಆಯ್ತು. ಮೊದಲ್ನೇ ದಿನಾನೇ ಜನ ಎದ್ದು ನಿಲ್ತಾರೆ ಅನ್ಕೋಬೇಡ, ಎಲ್ಲಿ ಕೂಗಿದ್ರು ಎಲ್ಲಿ ಸುಮ್ನಾದ್ರು ಅಂತ ವಿಡಿಯೋ ಹಾಕ್ಕೊಂಡು ನೋಡು.

ಹಾಸನ್_ಹುಡ್ಗ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಮಂಡೀಲಿ ಅಪ್ಪ ಮೂಟೆ ಎತ್ತೋದನ್ನ ಕೂತ್ಕೊಂಡು ನೋಡ್ದೆ, ಇಷ್ಟ್ ವರ್ಷ ಜೊತೇಲಿದ್ರೂ ಗಮನ್ಸೇ ಇರ್ಲಿಲ್ಲ. ಎತ್ತೋ ಮುಂಚೆ ಅಂಗೈ ಎರಡ್ ಸಲ ಉಜ್ಕೋತಾರೆ, ಬಾಯಲ್ಲಿ ಒಂದ್ಸಲ ಉಸಿರು ಬಿಡ್ತಾರೆ, ಆಮೇಲೆ ಮಂಡಿ ಬಗ್ಗುತ್ತೆ, ಬೆನ್ನು ಬಗ್ಗಲ್ಲ. ಫಿನಿಶರ್‌ಗೆ (ಮ್ಯಾಚ್ ಮುಗ್ಸೋ ಪಟ್ಟು) ಮುಂಚೆ ಅದನ್ನೇ ಮಾಡ್ತೀನಿ. ಸಿಂಬೆಗೆ ಕೆಂಪು ಟವಲ್ ಸಾಕಾ, ಗೋಣಿಚೀಲದ್ದು ಹೊಲಿಸ್ಲಾ?

ಗರಡಿ_ಹಳಬ:
ಗೋಣೀದೇ ಹೊಲ್ಸು, ದೂರದಿಂದ ಎದ್ದು ಕಾಣುತ್ತೆ. ಒಳಗೆ ಹತ್ತಿ ಬಟ್ಟೆ ಹಾಕ್ಸು, ಬೆವರಿಗೆ ಕೆರೆಯುತ್ತೆ.